ಎಂಬತ್ತು ಕಿಲೋಮೀಟರಿನ ಬೇಲಿ: ಅಣ್ವಸ್ತ್ರದ ಭಯ ಉಕ್ರೇನಿನ ನೆರವನ್ನು ಅಳೆದು ತೂಗಿದ ಬಗೆ

2022ರ ಜೂನ್ ಕೊನೆಯಲ್ಲಿ ಉಕ್ರೇನ್ ಸೈನ್ಯದ ಕೈಗೆ ಅಮೆರಿಕದ ಹೈಮಾರ್ಸ್ ಬಂತು. ನೋಡುವುದಕ್ಕೆ ಅದು ಆರು ಚಕ್ರದ ಸೈನ್ಯದ ಲಾರಿ, ಬೆನ್ನ ಮೇಲೆ ಎತ್ತಿ ತಿರುಗಿಸಬಹುದಾದ ಒಂದು ಪೆಟ್ಟಿಗೆ. ಆ ಪೆಟ್ಟಿಗೆಯಲ್ಲಿ 227 ಮಿಲಿಮೀಟರ್ ದಪ್ಪದ ಆರು ರಾಕೆಟ್ ತುಂಬಬಹುದು. ಅವು ಸುಮಾರು 80 ಕಿ.ಮೀ. ಹೋಗುತ್ತವೆ. ಅದೇ ಜಾಗದಲ್ಲಿ ಅಟಾಕಮ್ಸ್ ಎಂಬ ಒಂದೇ ದೊಡ್ಡ ಕ್ಷಿಪಣಿ ಕೂರಿಸಿದರೆ 300 ಕಿ.ಮೀ. ದೂರಕ್ಕೆ ಹೊಡೆಯಬಹುದು. ಲಾರಿ ಅದೇ, ಓಡಿಸುವ ಸೈನಿಕರೂ ಅವರೇ. ಉಕ್ರೇನಿಗೆ ಕೊಟ್ಟಿದ್ದು ಮಾತ್ರ ಸಣ್ಣ ರಾಕೆಟ್. ದೊಡ್ಡ ಕ್ಷಿಪಣಿ ಬೇರೆಲ್ಲಿಂದಲೋ ಸಿಕ್ಕರೂ ಹಾರಿಸಲಾಗದಂತೆ ಆ ಲಾರಿಗಳನ್ನೇ ಮಾರ್ಪಡಿಸಿ ಕಳಿಸಲಾಗಿತ್ತು ಎಂದು ಡಿಸೆಂಬರಿನಲ್ಲಿ ವರದಿಯಾಯಿತು.

80ಕ್ಕೂ 300ಕ್ಕೂ ನಡುವಿನ ಆ 220 ಕಿಲೋಮೀಟರನ್ನು ಕತ್ತರಿಸಿದ್ದು ಎಂಜಿನಿಯರುಗಳಲ್ಲ. ರಷ್ಯಾದ ಬಳಿ ಇರುವ ಸುಮಾರು 5,500 ಅಣು ಸಿಡಿತಲೆಗಳ ಭಯ. ರಷ್ಯಾದ ನೆಲದ ಮೇಲೆ ಬೀಳಬಲ್ಲ ರಾಕೆಟ್ ವ್ಯವಸ್ಥೆಯನ್ನು ಉಕ್ರೇನಿಗೆ ಕಳಿಸುವುದಿಲ್ಲ ಎಂದು ಅಧ್ಯಕ್ಷ ಬೈಡನ್ ಮೇ ಕೊನೆಯಲ್ಲೇ ಹೇಳಿದ್ದರು. ಒಂದು ದೇಶ ಇನ್ನೊಂದರ ಮೇಲೆ ದಂಡೆತ್ತಿ ಬಂದಾಗ ಉಳಿದ ಜಗತ್ತು ಏನು ಮಾಡುತ್ತದೆ, ಏನು ಮಾಡದೆ ಬಿಡುತ್ತದೆ, ಯಾಕೆ ಅಷ್ಟು ತಡ ಮಾಡುತ್ತದೆ ಎಂಬುದನ್ನು ತಿಳಿಯಬೇಕಾದರೆ ಈ ಲಾರಿಯಿಂದ ಶುರು ಮಾಡುವುದು ಸರಿ.

ಡಿಟೆರೆನ್ಸ್ ಎಂಬ ಪದಕ್ಕೆ ಪತ್ರಿಕೆಗಳು ‘ನಿರೋಧ’ ಎಂದು ಬರೆಯುತ್ತವೆ. ಹೆದರಿಸಿ ತಡೆಯುವುದು ಎಂದರೆ ಅರ್ಥ ಇನ್ನೂ ಸಲೀಸು. ನೀನು ಇದನ್ನು ಮಾಡಿದರೆ ನಿನಗೆ ತಾಳಲಾರದ ಪೆಟ್ಟು ಕೊಡುತ್ತೇನೆ ಎಂದು ನಂಬಿಸಿ, ಎದುರಾಳಿ ಆ ಕೆಲಸಕ್ಕೆ ಕೈ ಹಾಕದಂತೆ ನೋಡಿಕೊಳ್ಳುವುದು. ಇದರಲ್ಲಿ ಎರಡು ಪಾಲಿದೆ: ಪೆಟ್ಟು ಕೊಡುವ ತಾಕತ್ತು, ಮತ್ತು ಕೊಟ್ಟೇ ಕೊಡುತ್ತಾನೆ ಎಂಬ ನಂಬಿಕೆ. ತಾಕತ್ತನ್ನು ಎಣಿಸಬಹುದು. ಒಂಬತ್ತು ದೇಶಗಳ ಬಳಿ ಒಟ್ಟು 12 ಸಾವಿರದಷ್ಟು ಸಿಡಿತಲೆಗಳಿದ್ದು, ಹತ್ತರಲ್ಲಿ ಹೆಚ್ಚುಕಡಿಮೆ ಒಂಬತ್ತು ಪಾಲು ರಷ್ಯಾ ಮತ್ತು ಅಮೆರಿಕದವು. ರಷ್ಯಾದ ಭೂಗತ ಬಾವಿಯಿಂದ ಹೊರಟ ಕ್ಷಿಪಣಿ ಅಮೆರಿಕ ತಲುಪಲು ಸುಮಾರು 30 ನಿಮಿಷ ಸಾಕು. ನಂಬಿಕೆಯನ್ನು ಮಾತ್ರ ಎಣಿಸಲಾಗದು. ರಾಜತಂತ್ರವೆಲ್ಲ ನಡೆಯುವುದು ಅದರ ಸುತ್ತಲೇ.

ಅಣ್ವಸ್ತ್ರ ಇದ್ದವನ ಮೇಲೆ ಯಾರೂ ಕೈಮಾಡುವುದಿಲ್ಲ ಎಂಬುದು ಬಹಳ ಜನರ ಎಣಿಕೆ. ಅದು ಅರ್ಧ ಸತ್ಯ. 1982ರಲ್ಲಿ ಅರ್ಜೆಂಟೀನಾ ಅಣ್ವಸ್ತ್ರವಿದ್ದ ಬ್ರಿಟನ್ನಿನ ಫಾಕ್‌ಲ್ಯಾಂಡ್ ದ್ವೀಪಗಳನ್ನು ಹಿಡಿಯಿತು. ದೂರದ ದ್ವೀಪಗಳಿಗಾಗಿ ಬ್ರಿಟನ್ ಅಣುಬಾಂಬ್ ಹಾಕುತ್ತದೆ ಎಂದು ಯಾರೂ ನಂಬಲಿಲ್ಲ. ಕೊನೆಗೆ ಹಡಗು, ವಿಮಾನ, ಕಾಲಾಳುಗಳೇ ಹೋಗಿ ದ್ವೀಪಗಳನ್ನು ಮರಳಿ ಪಡೆಯಬೇಕಾಯಿತು. ಅಣ್ವಸ್ತ್ರ ನಿಜವಾಗಿ ಮಾಡುವ ಕೆಲಸ ಬೇರೆ. ದಂಡೆತ್ತಿ ಹೋಗುವವನೇ ಅದನ್ನು ಗುರಾಣಿಯಾಗಿ ಹಿಡಿದರೆ, ಸಹಾಯಕ್ಕೆ ಬರುವವರ ಸುತ್ತ ಬೇಲಿ ಬೀಳುತ್ತದೆ. ಯಾರು ಬರಬಹುದು, ಏನು ತರಬಹುದು, ಎಷ್ಟು ದೂರ ಹೊಡೆಯಬಹುದು ಎಂಬುದನ್ನೆಲ್ಲ ಆ ಬೇಲಿ ತೀರ್ಮಾನಿಸುತ್ತದೆ.

ಬೇಲಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕುವೈತ್ ಸಾಕ್ಷಿ. 1990ರ ಆಗಸ್ಟ್ 2ರಂದು ಸದ್ದಾಂ ಹುಸೇನರ ಸೈನ್ಯ ಕುವೈತನ್ನು ನುಂಗಿತು. ಇರಾಕ್ ಬಳಿ ಅಣುಬಾಂಬ್ ಇರಲಿಲ್ಲ. ನವೆಂಬರ್ 29ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಬಲಪ್ರಯೋಗಕ್ಕೆ ಒಪ್ಪಿಗೆ ಕೊಟ್ಟು, ಜನವರಿ 15ರ ಗಡುವು ಹಾಕಿತು. ಅಮೆರಿಕವೊಂದೇ ಐದು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ತಂದು ನಿಲ್ಲಿಸಿತು. ಜನವರಿ 17ಕ್ಕೆ ವಿಮಾನದಾಳಿ, ಫೆಬ್ರವರಿ 24ಕ್ಕೆ ಭೂಸೇನೆ, ಅಲ್ಲಿಂದ ನೂರು ಗಂಟೆಯಲ್ಲಿ ಕುವೈತ್ ಬಿಡುಗಡೆ. ಸರಿಯಾಗಿ 31 ವರ್ಷದ ಬಳಿಕ ಅದೇ ಫೆಬ್ರವರಿ 24ರಂದು ರಷ್ಯಾ ಉಕ್ರೇನಿಗೆ ನುಗ್ಗಿತು. ಈ ಸಲ ಉಕ್ರೇನಿನ ನೆರವಿಗೆ ಒಂದೇ ಒಂದು ದೇಶವೂ ತನ್ನ ಸೈನ್ಯ ಕಳಿಸಲಿಲ್ಲ. ಕಳಿಸುವ ಮಾತೇ ಇಲ್ಲವೆಂದು ಬೈಡನ್ 2021ರ ಡಿಸೆಂಬರಿನಲ್ಲಿ, ಯುದ್ಧಕ್ಕೆ ಮೊದಲೇ, ಹೇಳಿಬಿಟ್ಟಿದ್ದರು.

ಭದ್ರತಾ ಮಂಡಳಿಯ ಕಥೆ ಇಲ್ಲಿ ಬೇಗ ಮುಗಿಯುತ್ತದೆ. ದಾಳಿಯನ್ನು ಖಂಡಿಸುವ 2022ರ ಫೆಬ್ರವರಿ 25ರ ನಿರ್ಣಯಕ್ಕೆ 11 ಮತ ಬಿತ್ತು, ಭಾರತ, ಚೀನಾ, ಯುಎಇ ಮತದಾನದಿಂದ ದೂರ ಉಳಿದವು, ರಷ್ಯಾ ಖಾಯಂ ಸದಸ್ಯರಿಗಿರುವ ತಡೆಹಕ್ಕು ಬಳಸಿ ವೀಟೊ ಹಾಕಿತು. ಮಾರ್ಚ್ 2ರಂದು ಮಹಾಸಭೆಯಲ್ಲಿ 141 ದೇಶಗಳು ದಾಳಿಯನ್ನು ಖಂಡಿಸಿದವು. ಆ ಮತಕ್ಕೆ ನೈತಿಕ ತೂಕವಿತ್ತು, ಸೈನ್ಯ ಕಳಿಸುವ ಬಲ ಇರಲಿಲ್ಲ. ವೀಟೊ ಮತ್ತು ಅಣ್ವಸ್ತ್ರ ಎರಡೂ ಒಂದೇ ಎಂದು ಬಹಳ ಜನ ಕಲಸಿಕೊಳ್ಳುತ್ತಾರೆ. ವೀಟೊ 1945ರ ಒಪ್ಪಂದದ ಕೊಡುಗೆ, ಸೋವಿಯತ್ ಒಕ್ಕೂಟ ಮೊದಲ ಅಣುಬಾಂಬ್ ಸಿಡಿಸಿದ್ದು 1949ರಲ್ಲಿ. ವೀಟೊ ಕಾನೂನಿನ ಬಾಗಿಲು ಮುಚ್ಚುತ್ತದೆ, ಅಣ್ವಸ್ತ್ರ ರಣರಂಗದ ಬಾಗಿಲು ಮುಚ್ಚುತ್ತದೆ. ರಷ್ಯಾದ ಬಳಿ ಎರಡೂ ಕೀಲಿಗಳಿದ್ದವು.

ಮೊದಲ ವಾರದ ಬೆದರಿಕೆ

ದಾಳಿ ಶುರುವಾದ ಬೆಳಗ್ಗೆಯೇ ಪುಟಿನ್, ಅಡ್ಡ ಬಂದವರು ತಮ್ಮ ಇತಿಹಾಸದಲ್ಲೇ ಕಾಣದ ಪರಿಣಾಮ ಎದುರಿಸಬೇಕಾಗುತ್ತದೆ ಎಂದರು. ಮೂರು ದಿನ ಕಳೆದು, ಫೆಬ್ರವರಿ 27ರಂದು, ಉದ್ದನೆಯ ಮೇಜಿನ ಒಂದು ತುದಿಯಲ್ಲಿ ಕೂತು, ಇನ್ನೊಂದು ತುದಿಯಲ್ಲಿದ್ದ ರಕ್ಷಣಾ ಸಚಿವ ಶೊಯ್ಗು ಮತ್ತು ಸೇನಾ ಮುಖ್ಯಸ್ಥ ಗೆರಾಸಿಮೊವ್‌ಗೆ ಅಣ್ವಸ್ತ್ರ ಪಡೆಗಳನ್ನು ‘ವಿಶೇಷ ಯುದ್ಧ ಕರ್ತವ್ಯ’ಕ್ಕೆ ಹಚ್ಚುವಂತೆ ಹೇಳಿದರು. ಮರುದಿನ ಶೊಯ್ಗು ಕೊಟ್ಟ ವರದಿಯಲ್ಲಿದ್ದದ್ದು ಇಷ್ಟು: ಕ್ಷಿಪಣಿ ಪಡೆ, ಉತ್ತರ ಮತ್ತು ಪೆಸಿಫಿಕ್ ನೌಕಾದಳ, ದೂರಗಾಮಿ ವಿಮಾನದಳದ ಆಜ್ಞಾ ಕೇಂದ್ರಗಳಲ್ಲಿ ಹೆಚ್ಚುವರಿ ಸಿಬ್ಬಂದಿ ಕೂತಿದ್ದಾರೆ. ಕುರ್ಚಿಗಳು ತುಂಬಿದವು, ಸಿಡಿತಲೆಗಳು ಇದ್ದಲ್ಲಿಂದ ಕದಲಲಿಲ್ಲ. ಅಮೆರಿಕ ತನ್ನ ಪಡೆಗಳ ಸ್ಥಿತಿಯನ್ನು ಬದಲಿಸಲಿಲ್ಲ. ಮೊದಲೇ ಗೊತ್ತುಮಾಡಿದ್ದ, ಅಣ್ವಸ್ತ್ರ ಹೊರುವ ಮಿನಿಟ್‌ಮನ್ ಕ್ಷಿಪಣಿಯ ಪರೀಕ್ಷೆಯನ್ನು ಮುಂದೂಡಿ, ಆಮೇಲೆ ರದ್ದೇ ಮಾಡಿತು. ವಾಡಿಕೆಯ ಪರೀಕ್ಷೆಯನ್ನು ಎದುರಿನವರು ದಾಳಿಯ ಸಿದ್ಧತೆ ಎಂದು ಓದಿಕೊಳ್ಳಬಾರದು ಎಂಬ ಎಚ್ಚರ ಅದು.

ಅದೇ ಹೊತ್ತಿಗೆ ಉಕ್ರೇನಿನ ಅಧ್ಯಕ್ಷ ಝೆಲೆನ್‌ಸ್ಕಿ ಒಂದೇ ಬೇಡಿಕೆ ಇಡುತ್ತಿದ್ದರು: ಉಕ್ರೇನಿನ ಆಕಾಶವನ್ನು ಮುಚ್ಚಿ. ಶತ್ರುವಿನ ವಿಮಾನ ಹಾರದಂತೆ ತಡೆಯುವ ಇದಕ್ಕೇ ನೋ-ಫ್ಲೈ ಝೋನ್ ಎನ್ನುವುದು. 1991ರ ನಂತರದ ಇರಾಕ್, ತೊಂಬತ್ತರ ದಶಕದ ಬೋಸ್ನಿಯಾ, 2011ರ ಲಿಬಿಯಾ, ಎಲ್ಲ ಕಡೆ ಪಶ್ಚಿಮದ ದೇಶಗಳು ಇದನ್ನು ಮಾಡಿದ್ದವು. ಮಾರ್ಚ್ 4ರಂದು ಅಮೆರಿಕ ಮತ್ತು ಯುರೋಪಿನ ದೇಶಗಳ ಸೇನಾ ಕೂಟವಾದ ನೇಟೊ ಆಗುವುದಿಲ್ಲ ಎಂದಿತು. ಕೇಳಿದವರಿಗೆ ಕಲ್ಲುಹೃದಯ ಅನ್ನಿಸಿತು. ಆದರೆ ಕೆಲಸ ಹೇಗೆ ನಡೆಯುತ್ತದೆ ಎಂದು ಹೆಜ್ಜೆ ಹೆಜ್ಜೆಯಾಗಿ ನೋಡಬೇಕು.

ಆಕಾಶ ಮುಚ್ಚುವುದೆಂದರೆ ಸಹಿ ಹಾಕಿದ ಕಾಗದವಲ್ಲ. ಹಗಲೂ ರಾತ್ರಿ ಯುದ್ಧವಿಮಾನಗಳು ಗಸ್ತು ತಿರುಗಬೇಕು. ಅಂಥ ಒಂದು ವಿಮಾನ ನೇಟೊ ಸದಸ್ಯ ಪೋಲೆಂಡಿನ ನೆಲೆಯಿಂದ ಎದ್ದು ಕೀವ್ ಮೇಲೆ ಬಂತು ಎನ್ನಿ. ಕೀವ್‌ನಿಂದ ರಷ್ಯಾದ ಮಿತ್ರದೇಶ ಬೆಲಾರೂಸಿನ ಗಡಿ ನೂರು ಕಿಲೋಮೀಟರಿಗೂ ಕಡಿಮೆ. ರಷ್ಯಾದ ಎಸ್-400 ವ್ಯವಸ್ಥೆಯ ಅತಿ ದೂರದ ಕ್ಷಿಪಣಿ 400 ಕಿ.ಮೀ.ವರೆಗೆ ಹೊಡೆಯಬಲ್ಲದು. ಅಂದರೆ ವಿಮಾನವನ್ನು ಗುರಿ ಹಿಡಿಯುವ ರೇಡಾರ್ ಇರುವುದು ಬೆಲಾರೂಸಿನಲ್ಲಿ, ಇಲ್ಲವೇ ರಷ್ಯಾದ ಒಳಗೆ. ಪೈಲಟ್ ಜೀವ ಉಳಿಸಿಕೊಳ್ಳಬೇಕಾದರೆ ಆ ರೇಡಾರನ್ನು ಹೊಡೆಯಬೇಕು. ಹೊಡೆದರೆ ನೇಟೊ ರಷ್ಯಾದ ನೆಲದ ಮೇಲೆ ದಾಳಿ ಮಾಡಿದಂತಾಯಿತು. ರಷ್ಯಾ ಆ ವಿಮಾನ ಎದ್ದ ಪೋಲೆಂಡಿನ ನೆಲೆಗೆ ಕ್ಷಿಪಣಿ ಬಿಡುತ್ತದೆ. ಅಲ್ಲಿಗೆ ಒಬ್ಬ ಸದಸ್ಯನ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎನ್ನುವ ನೇಟೊ ಒಪ್ಪಂದದ ಐದನೇ ಕಲಮು ಜಾರಿಗೆ ಬರುತ್ತದೆ. ಇದರಲ್ಲಿ ಯಾರೂ ಹುಚ್ಚರಲ್ಲ. ಪ್ರತಿಯೊಬ್ಬನೂ ತನ್ನ ಮುಂದಿನ ಕ್ಷಣವನ್ನಷ್ಟೇ ನೋಡಿ, ಸರಿಯೆನಿಸಿದ ಉತ್ತರ ಕೊಡುತ್ತಾನೆ. ಹಾಗಿದ್ದೂ ಒಂದೆರಡು ದಿನಗಳಲ್ಲಿ ಎರಡು ಅಣ್ವಸ್ತ್ರ ಬಣಗಳು ಮುಖಾಮುಖಿ ನಿಂತಿರುತ್ತವೆ. ಇರಾಕ್, ಬೋಸ್ನಿಯಾ, ಲಿಬಿಯಾಗಳಲ್ಲಿ ಈ ಸರಪಳಿಯ ಕೊನೆಯ ಕೊಂಡಿ ಇರಲೇ ಇಲ್ಲ. ನೇರ ಯುದ್ಧಕ್ಕಿಳಿಯಲು ನಿರಾಕರಿಸಿದ ಆ ತೀರ್ಮಾನ ಸರಿಯಾಗಿತ್ತು ಎಂದೇ ನಾವು ಹೇಳುತ್ತೇವೆ. ಆ ದಿನಗಳಲ್ಲಿ ಖಾರ್ಕಿವ್, ಮರಿಯುಪೋಲ್‌ಗಳಲ್ಲಿ ನೆಲಮಾಳಿಗೆ ಸೇರಿದ್ದ ಜನರ ಮುಖ ನೋಡಿ ಇದನ್ನು ಹೇಳುವುದು ಸುಲಭವಲ್ಲ. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಸತ್ತವರಲ್ಲಿ ಕರ್ನಾಟಕದಿಂದ ಹೋಗಿದ್ದ ವೈದ್ಯಕೀಯ ವಿದ್ಯಾರ್ಥಿಯೂ ಒಬ್ಬ.

ಬೇಲಿ ಎರಡೂ ಕಡೆಗೆ

ಈ ಬೇಲಿ ಪಶ್ಚಿಮವನ್ನು ಮಾತ್ರ ಕಟ್ಟಿಹಾಕಲಿಲ್ಲ. ಮಾರ್ಚ್ 13ರಂದು ರಷ್ಯಾ ಪಶ್ಚಿಮ ಉಕ್ರೇನಿನ ಯಾವೊರಿವ್ ಸೇನಾ ತರಬೇತಿ ಕೇಂದ್ರದ ಮೇಲೆ ಸುಮಾರು 30 ಕ್ಷಿಪಣಿ ಬಿಟ್ಟಿತು. ಕನಿಷ್ಠ 35 ಜನ ಸತ್ತರು. ಆ ಜಾಗ ಪೋಲೆಂಡ್ ಗಡಿಯಿಂದ 25 ಕಿ.ಮೀ. ಒಳಗಿದೆ. ಗಡಿಯ ಆ ಬದಿಯಲ್ಲಿ ರ್ಜೆಷೂಫ್ ಎಂಬ ಊರಿದೆ. ಉಕ್ರೇನಿಗೆ ಹೋಗುವ ಮದ್ದುಗುಂಡು ಬಂದಿಳಿಯುತ್ತಿದ್ದ ಮುಖ್ಯ ವಿಮಾನ ನಿಲ್ದಾಣ ಅದು, ಇಡೀ ಜಗತ್ತಿಗೆ ಗೊತ್ತಿದ್ದ ಗುರಿ. ಯುದ್ಧದ ದೃಷ್ಟಿಯಿಂದ ನೋಡಿದರೆ ರಷ್ಯಾ ಮೊದಲು ಹೊಡೆಯಬೇಕಿದ್ದದ್ದು ಅದನ್ನೇ. ಹೊಡೆಯಲಿಲ್ಲ. ಐದನೇ ಕಲಮಿನಲ್ಲಿ ಬರೆದಿರುವುದನ್ನು ಸರಿಯಾಗಿ ಓದಿದರೆ, ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ, ಪ್ರತಿ ದೇಶ ತನಗೆ ಅಗತ್ಯವೆನಿಸಿದ ಕ್ರಮ ಕೈಗೊಳ್ಳಬೇಕು ಎಂದಷ್ಟೇ ಇದೆ. ಅಣ್ವಸ್ತ್ರದ ಹೆಸರೇ ಅದರಲ್ಲಿಲ್ಲ. ಆದರೆ ಹಿಂದೆ ಅಮೆರಿಕ, ಬ್ರಿಟನ್, ಫ್ರಾನ್ಸ್‌ನ ಸಿಡಿತಲೆಗಳು ನಿಂತಿವೆ ಎಂಬ ಅರಿವು ಆ ನಿಲ್ದಾಣವನ್ನು ಕಾಯಿತು. ರಷ್ಯಾದೊಂದಿಗೆ ಸುಮಾರು 1,340 ಕಿ.ಮೀ. ಗಡಿ ಹಂಚಿಕೊಂಡಿರುವ ಫಿನ್‌ಲ್ಯಾಂಡ್ ದಶಕಗಳ ತಟಸ್ಥ ನೀತಿ ಬಿಟ್ಟು 2023ರ ಏಪ್ರಿಲ್ 4ರಂದು ನೇಟೊ ಸೇರಿದ್ದು ಇದನ್ನು ಕಣ್ಣಾರೆ ಕಂಡೇ.

ಬೇಲಿಯ ಅಂಚಿನಲ್ಲಿ ಅವಘಡ ಹೇಗೆ ಆಗುತ್ತದೆ ಎಂಬುದೂ ತಿಳಿದಿರಲಿ. 2022ರ ನವೆಂಬರ್ 15ರಂದು ಪೋಲೆಂಡಿನ ಪ್ಶೆವೊದುಫ್ ಎಂಬ ಗಡಿ ಹಳ್ಳಿಯಲ್ಲಿ ಕ್ಷಿಪಣಿ ಬಿದ್ದು ಇಬ್ಬರು ಸತ್ತರು. ಕೆಲವು ಗಂಟೆಗಳ ಕಾಲ ರಷ್ಯಾ ನೇಟೊ ನೆಲಕ್ಕೆ ಹೊಡೆಯಿತು ಎಂಬ ಸುದ್ದಿ ಜಗತ್ತನ್ನೆಲ್ಲ ಸುತ್ತಿತು. ಪೋಲೆಂಡ್ ಮತ್ತು ಅಮೆರಿಕ ತಕ್ಷಣ ಯಾರ ಮೇಲೂ ಬೆರಳು ತೋರಿಸದೆ ರೇಡಾರ್ ದಾಖಲೆ, ಬಿದ್ದ ಚೂರುಗಳನ್ನು ನೋಡಿದವು. ರಷ್ಯಾದ ಕ್ಷಿಪಣಿಗಳನ್ನು ತಡೆಯಲು ಉಕ್ರೇನ್ ಹಾರಿಸಿದ್ದ ವಾಯುರಕ್ಷಣಾ ಕ್ಷಿಪಣಿ ದಾರಿ ತಪ್ಪಿ ಬಿದ್ದಿರಬಹುದು ಎಂದು ಮರುದಿನ ಹೇಳಿದವು. ಅಂಥ ರಾತ್ರಿ ಕೆಲವು ತಾಸು ಕಾಯುವ ತಾಳ್ಮೆಯೇ ದೊಡ್ಡ ರಕ್ಷಣೆ.

ಇದೇ ಬೇಲಿಯನ್ನು ಭಾರತ 1999ರಲ್ಲಿ ಕಾರ್ಗಿಲ್‌ನಲ್ಲಿ ಅನುಭವಿಸಿದೆ. ಹಿಂದಿನ ವರ್ಷದ ಮೇ ತಿಂಗಳಲ್ಲಷ್ಟೇ ಪೋಖ್ರಾನ್ ಮತ್ತು ಚಾಗೈಯಲ್ಲಿ ಎರಡೂ ದೇಶಗಳು ಬಾಂಬ್ ಸಿಡಿಸಿ ತೋರಿಸಿದ್ದವು. ಎರಡೂ ಕಡೆ ಬಾಂಬ್ ಇದ್ದರೆ ದೊಡ್ಡ ಯುದ್ಧ ಆಗುವುದಿಲ್ಲ, ಹಾಗಾಗಿ ಸಣ್ಣದಾಗಿ ಕದ್ದು ನುಗ್ಗಿದರೆ ದಕ್ಕಿಸಿಕೊಳ್ಳಬಹುದು ಎಂಬ ಲೆಕ್ಕಾಚಾರ ಪಾಕಿಸ್ತಾನದ ಸೇನಾಧಿಕಾರಿಗಳದು. ಮೇಲೆ ಸ್ಥಿರತೆ, ಕೆಳಗೆ ಅಸ್ಥಿರತೆ ಎಂದು ಪರಿಣತರು ಹೇಳುವ ವಿರೋಧಾಭಾಸ ಇದೇ. ಭಾರತ ಮೇ 26ರಂದು ವಾಯುಪಡೆಯನ್ನು ಇಳಿಸಿತು, ಆದರೆ ನಿಯಂತ್ರಣ ರೇಖೆ ದಾಟಬಾರದು ಎಂಬ ಷರತ್ತಿನೊಂದಿಗೆ. ಪೈಲಟ್ಟಿಗೆ ಇದರ ಅರ್ಥವೇನೆಂದರೆ, ಶಿಖರದ ಮೇಲಿನ ಗುರಿಗೆ ತನಗೆ ಬೇಕಾದ ದಿಕ್ಕಿನಿಂದ ಬರುವಂತಿಲ್ಲ, ಬಾಂಬ್ ಬಿಟ್ಟ ಮೇಲೆ ಅಗಲವಾಗಿ ತಿರುಗಿಕೊಳ್ಳುವಂತಿಲ್ಲ, ರೇಖೆಯಾಚೆಗಿನ ಸರಬರಾಜು ನೆಲೆಗಳನ್ನು ಮುಟ್ಟುವಂತಿಲ್ಲ. ಮೊದಲ ಮೂರು ದಿನಗಳಲ್ಲೇ ಎರಡು ಮಿಗ್ ವಿಮಾನ, ಒಂದು ಎಂಐ-17 ಹೆಲಿಕಾಪ್ಟರ್ ಹೋದವು. ಆಮೇಲೆ ಭುಜದ ಮೇಲಿಟ್ಟು ಹಾರಿಸುವ ಕ್ಷಿಪಣಿಗಳಿಗೆ ನಿಲುಕದ ಎತ್ತರದಿಂದ ಹೊಡೆಯುವುದನ್ನು ಕಲಿತು, ಜೂನ್ 17ರಂದು ರೇಖೆಯ ಈಚೆಗೇ ಇದ್ದ ಮುಂಥೊ ಧಾಲೊದ ಸರಬರಾಜು ಶಿಬಿರವನ್ನು ಮಿರಾಜ್‌ಗಳು ಧ್ವಂಸ ಮಾಡಿದವು. ರೇಖೆ ದಾಟದ ಸಂಯಮಕ್ಕೆ ರಾಜತಂತ್ರದಲ್ಲಿ ಫಲ ಸಿಕ್ಕಿತು: ಜುಲೈ 4ರಂದು ವಾಷಿಂಗ್ಟನ್ನಿನಲ್ಲಿ ಕ್ಲಿಂಟನ್ ನವಾಜ್ ಷರೀಫರಿಂದ ಹಿಂದೆಗೆತದ ಮಾತು ಪಡೆದರು. ಆ ಸಂಯಮದ ಬೆಲೆಯನ್ನು ಕಡಿದಾದ ಬೆಟ್ಟವನ್ನು ಎದುರಿನಿಂದಲೇ ಹತ್ತಿದ ಕಾಲಾಳುಗಳು ತೆತ್ತರು. 527 ಯೋಧರು ಹುತಾತ್ಮರಾದರು.

ಮೆಟ್ಟಿಲು ಮೆಟ್ಟಿಲಾಗಿ

ಸೈನ್ಯ ಕಳಿಸಲಾಗದು, ಸುಮ್ಮನಿರಲೂ ಆಗದು ಎಂದಾದಾಗ ಉಳಿಯುವುದು ಹಣ, ಆರ್ಥಿಕ ದಿಗ್ಬಂಧನ ಮತ್ತು ಶಸ್ತ್ರ. ರಷ್ಯಾದ ಕೇಂದ್ರ ಬ್ಯಾಂಕಿನ ಸುಮಾರು 300 ಶತಕೋಟಿ ಡಾಲರ್ ಮೀಸಲು ಸ್ತಂಭನಗೊಂಡಿತು. ಶಸ್ತ್ರದ ವಿಷಯದಲ್ಲಿ ಮಾತ್ರ ಪ್ರತಿ ಹೊಸ ಆಯುಧಕ್ಕೂ ಅದೇ ಚರ್ಚೆ ಮರುಕಳಿಸುತ್ತಿತ್ತು: ಇದನ್ನು ಕೊಟ್ಟರೆ ಪುಟಿನ್ ಏನು ಮಾಡಬಹುದು? 2022ರ ಮಾರ್ಚ್‌ನಲ್ಲಿ ಪೋಲೆಂಡ್ ತನ್ನ ಮಿಗ್-29 ಯುದ್ಧವಿಮಾನಗಳನ್ನು ಜರ್ಮನಿಯಲ್ಲಿರುವ ಅಮೆರಿಕದ ರಾಮ್‌ಸ್ಟೈನ್ ನೆಲೆಯ ಮೂಲಕ ಕೊಡುತ್ತೇನೆಂದಾಗ ಅಮೆರಿಕದ ರಕ್ಷಣಾ ಇಲಾಖೆ ಪೆಂಟಗನ್ ಬೇಡವೆಂದಿತು. ಒಂದು ವರ್ಷದ ನಂತರ ಅದೇ ಮಿಗ್‌ಗಳು ಉಕ್ರೇನಿಗೆ ಹೋದವು. ಪೇಟ್ರಿಯಟ್ ವಾಯುರಕ್ಷಣೆ 2022ರ ಡಿಸೆಂಬರಿನಲ್ಲಿ ಘೋಷಣೆಯಾಯಿತು, ಲೆಪರ್ಡ್ ಮತ್ತು ಏಬ್ರಮ್ಸ್ ಟ್ಯಾಂಕು 2023ರ ಜನವರಿ 25ಕ್ಕೆ, ಬ್ರಿಟನ್ನಿನ ದೂರಗಾಮಿ ಕ್ಷಿಪಣಿ ಸ್ಟಾರ್ಮ್ ಶ್ಯಾಡೋ ಮೇ ತಿಂಗಳಲ್ಲಿ. ಅಟಾಕಮ್ಸ್‌ನ 165 ಕಿ.ಮೀ. ಮಾದರಿ 2023ರ ಅಕ್ಟೋಬರಿನಲ್ಲಿ, 300 ಕಿ.ಮೀ. ಮಾದರಿ 2024ರ ವಸಂತದಲ್ಲಿ ಸಿಕ್ಕವು. ಎಫ್-16 ಯುದ್ಧವಿಮಾನ ಆಗಸ್ಟ್‌ನಲ್ಲಿ ಹಾರಿತು. ಆ ಲಾರಿಯಿಂದ ರಷ್ಯಾದ ಒಳಗೆ ದೂರಕ್ಕೆ ಹೊಡೆಯಲು ಒಪ್ಪಿಗೆ ಬಂದದ್ದು 2024ರ ನವೆಂಬರ್ 17ಕ್ಕೆ. ಮೊದಲ ಹೈಮಾರ್ಸ್ ಬಂದು ಎರಡು ವರ್ಷ ಐದು ತಿಂಗಳು ಕಳೆದಿತ್ತು.

ಈ ನಿಧಾನ ಏನು ಮಾಡಿತು? 2022ರ ಶರತ್ಕಾಲದಲ್ಲಿ ರಷ್ಯಾದ ಸೈನ್ಯ ಖಾರ್ಕಿವ್ ಪ್ರಾಂತ್ಯದಿಂದ ಓಡಿಹೋಗುತ್ತಿತ್ತು, ಸಾಲುಗಳು ತೆಳ್ಳಗಿದ್ದವು. ಟ್ಯಾಂಕ್ ಕೊಡಬೇಕೇ ಬೇಡವೇ ಎಂಬ ಚರ್ಚೆ ಜನವರಿವರೆಗೆ ನಡೆಯಿತು. ಆ ಚಳಿಗಾಲದಲ್ಲಿ ರಷ್ಯಾ ಝಪೋರಿಝಿಯಾ ಬಯಲಿನ ಉದ್ದಕ್ಕೂ ಮೈನು ಹೂತು, ಕಂದಕ ತೋಡಿ, ಟ್ಯಾಂಕ್ ತಡೆಯುವ ಕಾಂಕ್ರೀಟ್ ಹಲ್ಲುಗಳನ್ನು ಸಾಲಾಗಿ ನಿಲ್ಲಿಸಿತು. 2023ರ ಜೂನ್‌ನಲ್ಲಿ ಲೆಪರ್ಡ್‌ಗಳು ಮುನ್ನುಗ್ಗಿದಾಗ ಆ ಮೈನುಗಳಲ್ಲೇ ಸಿಕ್ಕಿಬಿದ್ದವು. ನೇರ ಯುದ್ಧ ಬೇಡವೆಂಬ ಎಚ್ಚರ ಸರಿ. ಟ್ಯಾಂಕು, ರಾಕೆಟ್ಟಿನ ವಿಷಯದಲ್ಲಿ ಅದೇ ಅಳತೆಗೋಲು ಹಿಡಿದದ್ದು ತಪ್ಪು ಎಂಬುದು ನಮ್ಮ ನಿಲುವು. ಇದಕ್ಕೆ ಎದುರು ವಾದವೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ: ಒಂದೊಂದೇ ಮೆಟ್ಟಿಲು ಹತ್ತಿದ್ದರಿಂದಲೇ ರಷ್ಯಾಕ್ಕೆ ಯಾವ ಮೆಟ್ಟಿಲೂ ಅಣ್ವಸ್ತ್ರಕ್ಕೆ ತಕ್ಕ ಕಾರಣವಾಗಿ ಕಾಣಲಿಲ್ಲ, ಎಲ್ಲವನ್ನೂ ಮೊದಲ ತಿಂಗಳಲ್ಲೇ ಕೊಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತು ಎಂದು ವಾಷಿಂಗ್ಟನ್ನಿನ ಅಧಿಕಾರಿಗಳು ಹೇಳುತ್ತಾರೆ. ಇತಿಹಾಸವನ್ನು ಎರಡು ಸಲ ಓಡಿಸಿ ನೋಡಲಾಗದು.

ಅತಿ ಅಪಾಯದ ಆರು ವಾರ

ಇಡೀ ಯುದ್ಧದಲ್ಲಿ ಭಯಕ್ಕೆ ನಿಜವಾದ ಆಧಾರ ಇದ್ದದ್ದು 2022ರ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ. ಸೆಪ್ಟೆಂಬರ್ 21ರಂದು ಪುಟಿನ್ ಮೂರು ಲಕ್ಷ ಜನರ ಸೇನಾ ಭರ್ತಿ ಘೋಷಿಸಿ, ರಷ್ಯಾದ ನೆಲ ಕಾಯಲು ಇರುವ ಎಲ್ಲ ಸಾಧನವನ್ನೂ ಬಳಸುತ್ತೇವೆ, ಇದು ಬರೀ ಬೆದರಿಕೆಯಲ್ಲ ಎಂದರು. 30ರಂದು ಉಕ್ರೇನಿನ ನಾಲ್ಕು ಪ್ರಾಂತ್ಯಗಳನ್ನು ರಷ್ಯಾಕ್ಕೆ ಸೇರಿಸಿಕೊಂಡೆವು ಎಂದರು. ಈ ಎರಡನ್ನು ಜೋಡಿಸಿದರೆ ಹೊಸ ಬೇಲಿ: ನಿನ್ನೆವರೆಗೆ ಉಕ್ರೇನ್ ಆಗಿದ್ದ ಖೆರ್ಸಾನ್ ಇಂದು ‘ರಷ್ಯಾದ ನೆಲ’. ಅದೇ ಖೆರ್ಸಾನಿನಲ್ಲಿ ಡ್ನಿಪ್ರೊ ನದಿಯ ಬಲದಂಡೆಯ ಮೇಲೆ ಸುಮಾರು 30 ಸಾವಿರ ರಷ್ಯನ್ ಸೈನಿಕರು ಸಿಕ್ಕಿಹಾಕಿಕೊಳ್ಳುವ ಹಂತದಲ್ಲಿದ್ದರು. ಹೈಮಾರ್ಸ್ ರಾಕೆಟ್‌ಗಳು ಅಂತೊನಿವ್ಕಾ ಸೇತುವೆಯನ್ನು ತೂತು ತೂತು ಮಾಡಿದ್ದವು. ಸೋಲು, ಅವಮಾನ, ಸಿಕ್ಕಿಬಿದ್ದ ಸೈನ್ಯ. ಸಣ್ಣ ಅಣ್ವಸ್ತ್ರದ ಆಸೆ ಹುಟ್ಟುವುದು ಇಂಥ ಕಡೆಯೇ. ರಷ್ಯಾದ ಬಳಿ ಅಂಥ ರಣರಂಗದ ಸಿಡಿತಲೆಗಳು ಸಾವಿರದಿಂದ ಎರಡು ಸಾವಿರ ಇವೆ ಎಂಬುದು ಅಂದಾಜು. ‘ಸಣ್ಣ’ ಎಂಬ ಮಾತಿಗೆ ಮೋಸಹೋಗಬಾರದು. ಅವುಗಳಲ್ಲಿ ಎಷ್ಟೋ ಹಿರೋಷಿಮಾದ 15 ಕಿಲೋಟನ್ನಿಗಿಂತ ದೊಡ್ಡವು.

ಅಕ್ಟೋಬರ್ 23ರಂದು ಶೊಯ್ಗು ಅಮೆರಿಕ, ಬ್ರಿಟನ್, ಫ್ರಾನ್ಸ್, ಟರ್ಕಿಯ ರಕ್ಷಣಾ ಸಚಿವರಿಗೆ ಒಬ್ಬೊಬ್ಬರಾಗಿ ಫೋನ್ ಮಾಡಿ, ಉಕ್ರೇನ್ ವಿಕಿರಣಶೀಲ ವಸ್ತು ಬೆರೆಸಿದ ‘ಡರ್ಟಿ ಬಾಂಬ್’ ಸಿಡಿಸಲು ಹೊರಟಿದೆ ಎಂದರು. ಆರೋಪವೇ ನೆಪವಾಗಬಹುದು ಎಂಬ ಆತಂಕ ಎಲ್ಲೆಡೆ. ಉಕ್ರೇನ್ ಮಾಡಿದ್ದು ಜಾಣತನದ ಕೆಲಸ: ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯನ್ನು ತಾನೇ ಕರೆಯಿತು. ಸಂಸ್ಥೆಯ ತಪಾಸಣಾಧಿಕಾರಿಗಳು ಕೀವ್, ಝೋವ್ತಿ ವೋದಿ, ಡ್ನಿಪ್ರೊ ನಗರಗಳ ಮೂರು ಜಾಗ ನೋಡಿ, ಅಂಥ ಕೆಲಸದ ಯಾವ ಸುಳಿವೂ ಇಲ್ಲವೆಂದು ನವೆಂಬರ್ ಮೊದಲ ವಾರ ಹೇಳಿದರು. ನೆಪದ ಗಾಳಿ ಹೋಯಿತು.

ಈ ಹೊತ್ತಿನಲ್ಲಿ ಜಗತ್ತು ಕೊಟ್ಟ ಉತ್ತರ ಮೂರು ಪದರದ್ದು. ಅಮೆರಿಕ ರಷ್ಯಾಕ್ಕೆ ಖಾಸಗಿಯಾಗಿ, ನಿರ್ದಿಷ್ಟವಾಗಿ ಎಚ್ಚರಿಕೆ ಕೊಟ್ಟು, ಬಹಿರಂಗವಾಗಿ ‘ಘೋರ ಪರಿಣಾಮ’ ಎಂದಷ್ಟೇ ಹೇಳಿತು. ಉತ್ತರ ಏನೆಂದು ಊರಿಗೆಲ್ಲ ಸಾರಿದರೆ ಎದುರಾಳಿ ಅದರ ಬೆಲೆ ಕಟ್ಟಿಬಿಡುತ್ತಾನೆ. ಏನೂ ಹೇಳದಿದ್ದರೆ ನಂಬುವುದಿಲ್ಲ. ನವೆಂಬರ್ 14ರಂದು ಸಿಐಎ ಮುಖ್ಯಸ್ಥ ಬರ್ನ್ಸ್ ರಷ್ಯಾದ ಬೇಹುಗಾರಿಕೆ ಮುಖ್ಯಸ್ಥ ನರಿಷ್ಕಿನ್‌ರನ್ನು ಅಂಕಾರಾದಲ್ಲಿ ಭೇಟಿಯಾದದ್ದು ಇದಕ್ಕೇ. ಎರಡನೆಯದು, ರಷ್ಯಾ ಯಾರನ್ನು ಕಳೆದುಕೊಳ್ಳಲಾರದೋ ಅವರ ಮಾತು. ಇದು ಯುದ್ಧದ ಕಾಲವಲ್ಲ ಎಂದು ಸೆಪ್ಟೆಂಬರ್ 16ರಂದು ಸಮರ್‌ಕಂಡ್‌ನಲ್ಲಿ ಮೋದಿ ಪುಟಿನ್ ಎದುರೇ ಹೇಳಿದ್ದರು. ಅಕ್ಟೋಬರ್ 26ರಂದು ರಾಜನಾಥ್ ಸಿಂಗ್ ಶೊಯ್ಗುಗೆ, ಯಾವ ಕಡೆಯೂ ಅಣ್ವಸ್ತ್ರದ ದಾರಿ ಹಿಡಿಯಬಾರದು ಎಂದರು. ನವೆಂಬರ್ 4ರಂದು ಷಿ ಜಿನ್‌ಪಿಂಗ್ ಅದೇ ಅರ್ಥದ ಮಾತನ್ನು ಬೀಜಿಂಗ್‌ನಲ್ಲಿ ಜರ್ಮನಿಯ ಚಾನ್ಸಲರ್ ಎದುರು ಆಡಿದರು. ತೈಲ ಕೊಳ್ಳುವ ಇಬ್ಬರು ದೊಡ್ಡ ಗಿರಾಕಿಗಳ ಮಾತನ್ನು ಮಾಸ್ಕೋ ತಳ್ಳಿಹಾಕುವಂತಿರಲಿಲ್ಲ. ಮೂರನೆಯದು ರಣರಂಗದಲ್ಲೇ ಆಯಿತು: ನವೆಂಬರ್ 11ರ ಹೊತ್ತಿಗೆ ರಷ್ಯನ್ ಸೈನ್ಯ ನದಿ ದಾಟಿ ಹಿಂದೆ ಸರಿಯಿತು. ‘ರಷ್ಯಾದ ನೆಲ’ ಎಂದು ಘೋಷಿಸಿದ ಊರನ್ನು ಆರು ವಾರದಲ್ಲಿ ಬಿಟ್ಟು ಹೋದರೂ ಅಣ್ವಸ್ತ್ರ ಹೊರಬರಲಿಲ್ಲ. ಹೊಸ ಬೇಲಿ ಮಾತಿನಲ್ಲಿ ಮಾತ್ರ ಇತ್ತು ಎಂಬುದು ಆಗ ಗೊತ್ತಾಯಿತು. 2024ರ ಆಗಸ್ಟ್ 6ರಂದು ಉಕ್ರೇನ್ ಸೈನ್ಯ ಕುರ್ಸ್ಕ್‌ನಲ್ಲಿ ನಿಜವಾದ ರಷ್ಯಾದ ನೆಲಕ್ಕೇ ನುಗ್ಗಿದಾಗಲೂ ಹಾಗೆಯೇ ಆಯಿತು.

ಇದನ್ನೆಲ್ಲ ದೂರದಿಂದ ನೋಡುತ್ತಿರುವ ದೇಶಗಳು ಕಲಿಯುತ್ತಿರುವ ಪಾಠ ನಮ್ಮನ್ನು ಹೆಚ್ಚು ಕಾಡುತ್ತದೆ: ಅಣ್ವಸ್ತ್ರ ಬಿಟ್ಟುಕೊಟ್ಟವನಿಗೆ ಕಾವಲಿಲ್ಲ. ಸೋವಿಯತ್ ಒಕ್ಕೂಟ ಒಡೆದಾಗ ಉಕ್ರೇನಿನ ನೆಲದಲ್ಲಿ ಸುಮಾರು 1,900 ದೂರಗಾಮಿ ಸಿಡಿತಲೆಗಳು ಉಳಿದಿದ್ದವು. ಹಾರಿಸುವ ಸಂಕೇತಗಳು ಮಾಸ್ಕೋ ಕೈಯಲ್ಲಿದ್ದವು, ನಿರ್ವಹಣೆಗೆ ಹಣವಿರಲಿಲ್ಲ. ಇಟ್ಟುಕೊಳ್ಳುವುದು ಹೇಳಿದಷ್ಟು ಸುಲಭವಿರಲಿಲ್ಲ. 1996ರ ಜೂನ್ ಹೊತ್ತಿಗೆ ಎಲ್ಲವೂ ರಷ್ಯಾಕ್ಕೆ ಹೋದವು. ಬದಲಿಗೆ ಸಿಕ್ಕಿದ್ದು ರಿಯಾಕ್ಟರುಗಳಿಗೆ ಇಂಧನ ಮತ್ತು 1994ರ ಡಿಸೆಂಬರ್ 5ರ ಬುಡಾಪೆಸ್ಟ್ ಕರಾರು. ಗಡಿಗಳನ್ನು ಗೌರವಿಸುತ್ತೇವೆ ಎಂದು ರಷ್ಯಾ, ಅಮೆರಿಕ, ಬ್ರಿಟನ್ ಅದರಲ್ಲಿ ಭರವಸೆ ಕೊಟ್ಟವು. ದಾಳಿಯಾದರೆ ಬಂದು ಕಾಯುತ್ತೇವೆ ಎಂದು ಯಾರೂ ಬರೆದುಕೊಡಲಿಲ್ಲ. ಅಣ್ವಸ್ತ್ರ ಬಳಸಿ ಆಕ್ರಮಣವಾದರೆ ಭದ್ರತಾ ಮಂಡಳಿಯ ನೆರವು ಕೋರುತ್ತೇವೆ ಎಂದಷ್ಟೇ ಇತ್ತು. ಆ ಮಂಡಳಿಯಲ್ಲಿ ವೀಟೊ ಹಿಡಿದು ಕೂತಿರುವವರಲ್ಲಿ ರಷ್ಯಾವೂ ಒಂದು. 2022ರ ಸೆಪ್ಟೆಂಬರಿನಲ್ಲಿ ಉತ್ತರ ಕೊರಿಯಾ ತನ್ನ ಅಣ್ವಸ್ತ್ರ ಸ್ಥಾನಮಾನವನ್ನು ಹಿಂತೆಗೆಯಲಾಗದು ಎಂದು ಕಾನೂನೇ ಮಾಡಿತು.

ಮುಂದಿನ ಸಲ ಅಣು ಬೆದರಿಕೆಯ ಸುದ್ದಿ ಬಂದಾಗ ಭಾಷಣಕ್ಕಿಂತ ಗೋದಾಮಿನ ಕಡೆ ನೋಡಬೇಕು. ರಷ್ಯಾದ ರಣರಂಗದ ಸಿಡಿತಲೆಗಳು ಕ್ಷಿಪಣಿಯ ಜೊತೆಗೆ ಇರುವುದಿಲ್ಲ. ರಕ್ಷಣಾ ಇಲಾಖೆಯ 12ನೇ ಮುಖ್ಯ ನಿರ್ದೇಶನಾಲಯದ ಕಾವಲಿನ ಉಗ್ರಾಣಗಳಲ್ಲಿರುತ್ತವೆ. ಬಳಸಬೇಕಾದರೆ ವಿಶೇಷ ರೈಲು ಅಥವಾ ಲಾರಿಗಳಲ್ಲಿ, ಕಾವಲು ಪಡೆಯೊಂದಿಗೆ ಹೊರತಂದು, ಇಸ್ಕಾಂದರ್‌ನಂಥ ಕ್ಷಿಪಣಿ ಘಟಕಗಳಿಗೆ ಮುಟ್ಟಿಸಿ, ಜೋಡಿಸಬೇಕು. ಉಪಗ್ರಹಗಳ ಕಣ್ಣು ತಪ್ಪಿಸಿ ಇಷ್ಟೆಲ್ಲ ಮಾಡುವುದು ಕಷ್ಟ. ತಮ್ಮ ಅಣ್ವಸ್ತ್ರ ಪಡೆಗಳ ಸ್ಥಿತಿ ಬದಲಿಸುವ ಕಾರಣ ಕಂಡಿಲ್ಲ ಎಂದು ಅಮೆರಿಕದ ಅಧಿಕಾರಿಗಳು ಮತ್ತೆ ಮತ್ತೆ ಹೇಳುತ್ತಿದ್ದದ್ದು ಈ ಉಗ್ರಾಣಗಳನ್ನು ನೋಡಿಯೇ. ಬೆದರಿಕೆಯ ಪದಗಳನ್ನೂ ಬಿಡಿಸಿ ಓದಬೇಕು. 2020ರ ರಷ್ಯನ್ ನೀತಿಯಲ್ಲಿ, ಸಾಮಾನ್ಯ ಶಸ್ತ್ರಗಳ ದಾಳಿಗೆ ಅಣ್ವಸ್ತ್ರ ಬಳಸುವುದು ದೇಶದ ಅಸ್ತಿತ್ವಕ್ಕೇ ಕುತ್ತು ಬಂದಾಗ ಎಂದಿತ್ತು. 2024ರ ನವೆಂಬರ್ 19ರ ಹೊಸ ನೀತಿಯಲ್ಲಿ ಅದು ಸಾರ್ವಭೌಮತ್ವ ಇಲ್ಲವೇ ಪ್ರಾದೇಶಿಕ ಅಖಂಡತೆಗೆ ಗಂಭೀರ ಬೆದರಿಕೆ ಎಂದಾಯಿತು, ಬೆಲಾರೂಸನ್ನೂ ಸೇರಿಸಲಾಯಿತು. ಅಣ್ವಸ್ತ್ರ ದೇಶದ ಬೆಂಬಲದಿಂದ ಬೇರೆ ದೇಶ ದಾಳಿ ಮಾಡಿದರೆ ಇಬ್ಬರೂ ಸೇರಿ ಮಾಡಿದಂತೆ ಎಂಬ ಸಾಲೂ ಬಂತು. ಪುಟಿನ್ ಸಹಿ ಹಾಕಿದ ದಿನವೇ ಉಕ್ರೇನಿನ ಅಟಾಕಮ್ಸ್‌ಗಳು ರಷ್ಯಾದ ಬ್ರಿಯಾನ್ಸ್ಕ್ ಪ್ರಾಂತ್ಯಕ್ಕೆ ಬಿದ್ದವು.

ಎರಡು ದಿನದ ನಂತರ, ನವೆಂಬರ್ 21ರ ಬೆಳಗ್ಗೆ, ರಷ್ಯಾ ಉತ್ತರ ಕೊಟ್ಟಿತು. ಅಣು ಸಿಡಿತಲೆ ಹೊರಬಲ್ಲ ಒರೆಶ್ನಿಕ್ ಎಂಬ ಹೊಸ ಮಧ್ಯಮ ದೂರದ ಕ್ಷಿಪಣಿ ಡ್ನಿಪ್ರೊ ನಗರದ ಪಿವ್ದೆನ್ಮಾಶ್ ಕಾರ್ಖಾನೆಯ ಮೇಲೆ ಬಿತ್ತು. ಎರಡು ವರ್ಷದ ಹಿಂದೆ ಅಣುಶಕ್ತಿ ಸಂಸ್ಥೆಯವರು ತಪಾಸಣೆ ಮಾಡಿ ಹೋಗಿದ್ದ ಮೂರು ಜಾಗಗಳಲ್ಲಿ ಅದೂ ಒಂದು. ಈ ಸಲ ಕ್ಷಿಪಣಿಯಲ್ಲಿ ಅಣು ಸಿಡಿತಲೆ ಇರಲಿಲ್ಲ. ಅಂಥ ಕ್ಷಿಪಣಿ ಏರಿದ ಕೂಡಲೇ ಅದರ ಬೆಂಕಿಯ ಶಾಖವನ್ನು ಅಮೆರಿಕದ ಎಚ್ಚರಿಕೆ ಉಪಗ್ರಹಗಳು ಹಿಡಿಯುತ್ತವೆ, ಆದರೆ ಅದರ ತಲೆಯಲ್ಲಿ ಏನಿದೆ ಎಂಬುದು ಉಪಗ್ರಹಕ್ಕೆ ಕಾಣುವುದಿಲ್ಲ. ಹಾರಿಸುವ 30 ನಿಮಿಷ ಮೊದಲು ಮಾಸ್ಕೋದ ಅಣು ಅಪಾಯ ತಗ್ಗಿಸುವ ಕೇಂದ್ರದಿಂದ ವಾಷಿಂಗ್ಟನ್ನಿನ ಕೇಂದ್ರಕ್ಕೆ ಸಂದೇಶ ಹೋಗಿತ್ತು ಎಂದು ಕ್ರೆಮ್ಲಿನ್ ವಕ್ತಾರರು ಆಮೇಲೆ ಹೇಳಿದರು. 1987ರ ಒಪ್ಪಂದದಂತೆ ತೆರೆದ ಆ ಎರಡು ಕೇಂದ್ರಗಳಲ್ಲಿ ಹಗಲೂ ರಾತ್ರಿ ಪಾಳಿಯ ಮೇಲೆ ಜನ ಕೂತಿರುತ್ತಾರೆ.